ಕಟ್ಟಿದ್ದನ್ನು ನಂಬದ ಭಾಗಮ್ಮ

ಕಟ್ಟಿದ ಗಂಟನ್ನು ಹಾಗೆಯೇ ನಂಬುವುದು ಭಾಗಮ್ಮನವರ ಜಾಯಮಾನವಲ್ಲ. ಗಂಟು ಎಂಥದ್ದಾದರೂ ಸರಿ, ಯಾರು ತಂದದ್ದಾದರೂ ಸರಿ, ಅದನ್ನು ಬಿಚ್ಚಿ, ತಳದವರೆಗೆ ಕೈಯಿಳಿಸಿ, ಒಂದು ಹಿಡಿ ಮೇಲೆತ್ತಿ ಕಣ್ಣಿನ ಹತ್ತಿರ ತಂದುಕೊಂಡ ಮೇಲೆಯೇ ಒಳಗಿದ್ದದ್ದು ಅವರ ಪಾಲಿಗೆ ತೊಗರಿಯೋ ಕಡಲೆಯೋ ಆಗುತ್ತಿತ್ತು. ಅಲ್ಲಿಯವರೆಗೆ ಅದು ಬರೀ ಸಂಶಯ. ಕೊಡೇಕಲ್ಲಿನ ಬೀಗರು ಗುಡಿಯ ಪ್ರಸಾದವನ್ನು ಎಲೆಯಲ್ಲಿ ಕಟ್ಟಿ ಕಳಿಸಿದರೆ ಮೊದಲು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ಮರುಗಳಿಗೆಯಲ್ಲೇ ಎಲೆಯ ಒಂದು ಮಗ್ಗುಲನ್ನು ಉಗುರಿನಿಂದ ಎತ್ತಿ ಇಣುಕುತ್ತಿದ್ದರು. ಎದುರಿಗಿದ್ದವರು ಎಷ್ಟೇ ಆಣೆಪ್ರಮಾಣ ಮಾಡಿದರೂ, ಇರಲಿ ಬಿಡು, ಆದರೂ ನೋಡಿಯೇಬಿಡೋಣ ಎಂಬರ್ಥದಲ್ಲಿ ಅವರದು ಒಂದೇ ಮಾತು: "ಇರವಲ್ದ್ಯಾಕ, ಬಿಚ್ಚು."

ರಂಗಂಪೇಟೆಯಲ್ಲಿ ಅವರ ಕಿರಾಣಿ ಅಂಗಡಿಯ ಮಾಳಿಗೆಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಸುರಪುರದ ಕಾಲೇಜಿಗೆ ಹೊಸದಾಗಿ ಪಾಠ ಹೇಳಲು ಬಂದ ನನ್ನ ಪುಸ್ತಕದ ಪೆಟ್ಟಿಗೆಯೂ ಹೊಸ್ತಿಲಲ್ಲೇ ಬಿಚ್ಚಿಸಿಕೊಂಡಿತ್ತು. ಒಂದೊಂದು ಪುಸ್ತಕವನ್ನೂ ತಲೆಕೆಳಗು ಮಾಡಿ ಕೊಡವಿ ನೋಡಿ, ಏನೂ ಉದುರದ್ದು ಕಂಡು ಅವರಿಗೆ ಸಮಾಧಾನವಾಗುವ ಬದಲು ಸಂದೇಹ ಇಮ್ಮಡಿಯಾಯಿತು. "ಮಾಸ್ತರ, ಇಷ್ಟೆಲ್ಲಾ ಓದೀರಿ ಅಂತೀರಿ, ಮತ್ತ ಯಾಕ ಓದಾಕತ್ತೀರಿ? ಮೊದಲಿಂದು ತಿಳದಿಲ್ಲೇನು?" ಎಂದರು.

ಅವರ ನಡಿಗೆಯೂ ಅವರ ಸ್ವಭಾವದ್ದೇ ಪಡಿಯಚ್ಚು. ಗೋಡೆಯ ಮಗ್ಗುಲಿಗೆ ಸರಿದು, ನಾಲ್ಕು ಹೆಜ್ಜೆ ಹಾಕಿ, ಥಟ್ಟನೆ ನಿಂತು ಹಿಂದಿರುಗಿ ನೋಡಿ, ಮತ್ತೆ ನಾಲ್ಕು ಹೆಜ್ಜೆ. ಹಿಂದೆ ಯಾರೂ ಇಲ್ಲದಿದ್ದರೆ ಅವರ ಮುಖ ಇನ್ನಷ್ಟು ಗಂಟಿಕ್ಕುತ್ತಿತ್ತು, ಇದ್ದವರು ಎಲ್ಲಿ ಅಡಗಿದರೋ ಎಂಬಂತೆ. ಇಳಕಲ್ ಸೀರೆಯ ಮೇಲೆ, ಬೇಸಿಗೆಯೆನ್ನದೆ ಚಳಿಯೆನ್ನದೆ, ಗಂಡ ಚನ್ನಯ್ಯನವರ ಕರಿಯ ಉಣ್ಣೆಯ ಕೋಟು. ಗಂಡ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಕೋಟು ಮಾತ್ರ ಈ ಕುಳ್ಳ ಶರೀರದ ಮೇಲೆ ಮೊಣಕಾಲಿನವರೆಗೆ ಇಳಿಬಿದ್ದು, ತೋಳು ಮಡಚಿಸಿಕೊಂಡು, ಬೀಗದ ಕೈಗಳನ್ನೂ ಬಗೆಬಗೆಯ ಕಾಳಿನ ನಮೂನೆಗಳನ್ನೂ ಕಿಸೆಗಳಲ್ಲಿ ತುಂಬಿಕೊಂಡು ಓಡಾಡುತ್ತಿತ್ತು. ಓಣಿಯ ಮಂದಿ ಹಿಂದಿನಿಂದ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕಾಲುವೆಗೆ ನೀರು ಬಂದ ಮೊದಲ ವರ್ಷಗಳು ಅವು. ಬಿಳಿಜೋಳ ಬೆಳೆಯುತ್ತಿದ್ದ ಕರಿಯ ನೆಲದಲ್ಲಿ ಭತ್ತದ ಹಸಿರು ಕಾಣಿಸಿಕೊಂಡು, ಸೀಮೆಗೆ ಸೀಮೆಯೇ ಹಿಗ್ಗಿನಲ್ಲಿದ್ದ ಕಾಲದಲ್ಲಿ ಭಾಗಮ್ಮನವರು ಮಾತ್ರ ಕಾಲುವೆಯನ್ನು ಒಂದು ದೊಡ್ಡ ಕಟ್ಟಿದ ಗಂಟೆಂದೇ ಬಗೆದಿದ್ದರು. "ಬಿಡೋರು ಯಾರೋ, ಬಂದ್ ಮಾಡೋರು ಯಾರೋ. ಮಾರಿ ಮುಖ ಕಾಣಲಾರದವರ ಕೈಯಾಗಿನ ನೀರದು," ಎನ್ನುತ್ತಿದ್ದರು. ಊರಲ್ಲಿ ಯಾರಿಗೆ ನೆಗಡಿ ಬಂದರೂ ಜ್ವರ ಬಂದರೂ ಅವರ ಮೊದಲ ಪ್ರಶ್ನೆ, ಕೆನಾಲಿನ ಕಡೆ ಹೋಗಿದ್ದರೋ ಹೇಗೆ ಎಂಬುದು.

ಇಷ್ಟೆಲ್ಲ ಬಿಚ್ಚುವ ಮನೆಯಲ್ಲಿ ಬಿಚ್ಚದೆ ಇಟ್ಟ ಗಂಟು ಒಂದೇ ಒಂದಿತ್ತು. ಅದು ಮೊಮ್ಮಗಳು.

ಸೊಸೆ ಅಮೃತಮ್ಮ ಚೊಚ್ಚಲ ಹೆರಿಗೆಗೆ ತವರೂರಾದ ಕೊಡೇಕಲ್ಲಿಗೆ ಹೋಗಿದ್ದವಳು ಕಾರ್ತಿಕದ ಹೊತ್ತಿಗೆ ಎಳೆಗೂಸಿನೊಂದಿಗೆ ಹಿಂದಿರುಗಿದಳು. ತಲೆಗೆ ಕುಂಚಿಗೆ, ಮೈಗೆ ಹಳೆಯ ಧೋತರದ ಮೆತ್ತನೆಯ ಅರಿವೆ, ಅದರ ಮೇಲೊಂದು ಪುಟ್ಟ ಕೌದಿ, ಎಲ್ಲದರ ಸುತ್ತ ಬಿಗಿದ ದಾರ. ಇಷ್ಟರೊಳಗಿಂದ ಒಂದು ಮೂಗು, ಎರಡು ಕಣ್ಣು. ಕೂಸಿನ ಮೈ ಪರರ ಕಣ್ಣಿಗೆ ಬೀಳಬಾರದೆಂಬುದು ಆ ಮನೆಯ ಕಟ್ಟಳೆ. ದಿನಕ್ಕೊಮ್ಮೆ, ಎಣ್ಣೆನೀರು ಎರೆಯುವಾಗ ಮಾತ್ರ, ಬಚ್ಚಲಿನ ಮಬ್ಬಿನಲ್ಲಿ ಅದರ ಕಟ್ಟು ಬಿಚ್ಚುತ್ತಿತ್ತು; ಕೂಡಲೇ ಲೋಬಾನದ ಹೊಗೆ ಹಿಡಿದು ಮತ್ತೆ ಬಿಗಿಯುತ್ತಿದ್ದರು. ಬಾಣಂತಿ ಕೋಣೆಯ ಕಿಟಕಿಗೆ ಗೋಣಿಚೀಲ, ಮಂಚದ ಕೆಳಗೆ ಕೆಂಡ.

ಕೂಸಿಗೆ ನೆಗಡಿಯಾಯಿತು. ನೆಗಡಿಯಾದ ಕೂಸಿಗೆ ನೀರು ಹಾಕಬಾರದೆಂಬುದು ಇನ್ನೊಂದು ಕಟ್ಟಳೆ. ಹಾಗಾಗಿ ಎರೆಯುವ ಹೆಂಗಸು ಬರುವುದು ನಿಂತಿತು, ದಿನಕ್ಕೊಮ್ಮೆ ಬಿಚ್ಚುತ್ತಿದ್ದ ಕಟ್ಟೂ ಬಿಚ್ಚದಾಯಿತು; ಒದ್ದೆಯಾದಾಗ ಕಾಲ ಕಡೆಯ ಅರಿವೆ ಮಾತ್ರ ಬದಲಾಗುತ್ತಿತ್ತು. ಕೂಸಿನ ಮೈಯನ್ನು ನೋಡಲೇಬೇಕಾದ ದಿನಗಳಲ್ಲೇ ಅದನ್ನು ಯಾರೂ ನೋಡುವಂತಿರಲಿಲ್ಲ. ಇದರ ವಿಪರ್ಯಾಸ ಆಗ ಯಾರಿಗೂ ಹೊಳೆಯಲಿಲ್ಲ.

ನೆಗಡಿ ಕೆಮ್ಮಾಯಿತು, ಮೈ ಬಿಸಿಯೇರಿತು. ಭಾಗಮ್ಮನವರ ತಪಾಸಣೆ ಭರದಿಂದ ಸಾಗಿತು, ಆದರೆ ಬೇರೆಲ್ಲ ದಿಕ್ಕಿನಲ್ಲಿ. ಮೊದಲು ಕೆನಾಲಿನ ಗಾಳಿಯ ಮೇಲೆ ಗುಮಾನಿ. ಆಮೇಲೆ ಕೂಸನ್ನು ನೋಡಿ "ಎಷ್ಟ ಚಂದ ಅದ" ಎಂದು ಹೋದ ಓಣಿಯ ಹೆಂಗಸರ ಕಣ್ಣಿನ ಮೇಲೆ. ಕೊನೆಗೆ ಸೊಸೆಯ ಬಾಯಿಯ ಮೇಲೆ. ಬಾಣಂತಿ ತಂಪು ತಿಂದರೆ ಹಾಲಿನ ಮೂಲಕ ಅದು ಕೂಸಿನ ಎದೆ ಸೇರುತ್ತದೆಂಬುದು ಅವರ ದೃಢವಾದ ನಂಬಿಕೆ. ಸೊಸೆಯ ಪೆಟ್ಟಿಗೆ, ಹಾಸಿಗೆ, ದಿಂಬು ಎಲ್ಲ ಬಿಚ್ಚಿದವು. ಮಂಚದ ಮೂಲೆಯಲ್ಲಿ ಒಂದು ಸೀತಾಫಲದ ಬೀಜ ಸಿಕ್ಕಿತು. ಅದನ್ನು ಕೋಟಿನ ಕಿಸೆಗೆ ಸೇರಿಸಿ, ಅಂಗಡಿಗೆ ಬಂದವರಿಗೆಲ್ಲ ತೆಗೆದು ತೋರಿಸಿದರು.

"ನಾ ತಿಂದಿಲ್ರಿ ಅತ್ತಿ, ಕೂಸಿನಾಣಿ," ಎಂದಳು ಅಮೃತಮ್ಮ.

"ಇರವಲ್ದ್ಯಾಕ. ಬೀಜಕ್ಕ ಕಾಲ ಬಂದಾವಂತ ತಿಳಕೋತೀನಿ."

ಓಣಿಯ ಒಬ್ಬ ಮುದುಕಿ ಬಂದು, ಕೂಸಿನ ಹೊಟ್ಟೆಗೆ ಚುಟಿಗೆ ಹಾಕಿಸಿರಿ, ಕಾದ ಕಬ್ಬಿಣದ ಒಂದು ಬರೆ ಬಿದ್ದರೆ ಕೆಮ್ಮು ಓಡಿಹೋಗುತ್ತದೆ ಎಂದಾಗ ಮಾತ್ರ ಭಾಗಮ್ಮನವರು ಕೆಂಡವಾದರು. "ಸುಟ್ಟರ ಯಾವ ಕೂಸಾದ್ರೂ ಚೀರತಾದ. ಚೀರಿತು, ಆರಾಮಾತು ಅಂತ ಹೇಳಿ ನೀವು ನಡೀತೀರಿ," ಎಂದು ಬಾಗಿಲು ತೋರಿಸಿದರು. ಎಲ್ಲದರಲ್ಲೂ ಹುಳುಕು ಹುಡುಕುವ ಮನಸ್ಸು ಒಮ್ಮೊಮ್ಮೆ ನಿಜವಾದ ಹುಳುಕಿನ ಮೇಲೂ ಕೈಯಿಡುತ್ತದೆ.

ಮರುದಿನ ಮಧ್ಯಾಹ್ನ ನಾನು ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದೆ. ಒಂದೇ ಸಮನೆ ಕಿರಿಗುಟ್ಟುತ್ತಿದ್ದ ಕೂಸಿನ ಸದ್ದು ನಿಂತಿತು. ಶಹಾಪುರದ ಪೇಟೆಗೆ ಹೊರಟು ನಿಂತಿದ್ದ ಮಗ ಜಗದೇವಪ್ಪ, "ಏನಾಗಂಗಿಲ್ಲ ಬಿಡವ್ವಾ, ಅಳೂದು ಬಿಟ್ಟಾದ," ಎಂದು ನಿರಾಳವಾಗಿ ಬಸ್ಸಿಗೆ ಹೋದ. ಅಮೃತಮ್ಮ ಒಳಬಾಗಿಲಿಗೆ ಬಂದು, ಅಂತೂ ನಿದ್ದೆ ಹೋಯಿತೆಂದಳು. ಇನ್ನು ಗುಣವಾದಂತೆಯೇ ಎಂದು ನಾನೂ ದನಿಗೂಡಿಸಿದೆ.

ತೊಗರಿಯ ಚೀಲದಲ್ಲಿದ್ದ ಭಾಗಮ್ಮನವರ ಕೈ ಅಲ್ಲಿಯೇ ನಿಂತಿತು.

"ಯಾಕ ಸುಮ್ಮಾತು?"

"ನಿದ್ದಿ ಹತ್ಯಾದ್ರಿ ಅತ್ತಿ."

"ಮಲಿ ಕುಡದು ಮಲಗ್ಯಾದೊ, ಕುಡೀಲಾರದ ಮಲಗ್ಯಾದೊ?"

ಅಮೃತಮ್ಮ ತಡವರಿಸಿದಳು. "ಮುಂಜಾನಿಂದ ಬಾಯಿ ಹಚ್ಚಿಲ್ರಿ. ಹಚ್ಚತಾದ, ಬಿಡತಾದ."

ಭಾಗಮ್ಮನವರು ಎದ್ದು ಒಳಗೆ ಹೋದರು. ಗೋಡೆ ಹಿಡಿಯಲಿಲ್ಲ, ನಿಲ್ಲಲಿಲ್ಲ, ಹಿಂದಿರುಗಿ ನೋಡಲಿಲ್ಲ. ಅವರು ಹಾಗೆ ನೆಟ್ಟಗೆ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಒಳಗಿನಿಂದ ಕೂಗು ಬಂತು: "ಮಾಸ್ತರ, ಬರ್ರಿ! ಕಿಟಕಿಗಿನ ಚೀಲ ಕಿತ್ತ ಒಗೀರಿ!" ಪರಗಂಡಸನ್ನು ಬಾಣಂತಿ ಕೋಣೆಗೆ ಕರೆಯುತ್ತಿದ್ದಾರೆಂದರೆ ಸಂಗತಿ ಕೈಮೀರಿದೆಯೆಂದೇ ಅರ್ಥ. ನಾನು ಓಡಿ ಹೋಗಿ ಚೀಲ ಕಿತ್ತೆ. ಹೊಗೆಯ ನಡುವೆ ಬಿಸಿಲು ಬಂದು ಬಿತ್ತು. ಮಡಿಲಲ್ಲಿಟ್ಟುಕೊಂಡ ಕೂಸಿನ ದಾರ, ಕೌದಿ, ಧೋತರ ಎಲ್ಲವನ್ನೂ ಅವರು ಬಿಚ್ಚುತ್ತಿದ್ದರು, ಚೀಲದ ಬಾಯಿ ಬಿಚ್ಚುವ ಅದೇ ಬೆರಳುಗಳಿಂದ.

ಆ ಎದೆಯನ್ನು ನಾನು ಮರೆಯಲಾರೆ. ಉಸಿರು ಓಡುತ್ತಿತ್ತು, ಯಾರೋ ಅಟ್ಟಿಸಿಕೊಂಡು ಬಂದಂತೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ, ಕಲಸಿದ ಹಿಟ್ಟಿಗೆ ಬೆರಳೊತ್ತಿದ ಹಾಗೆ, ಕುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು. ಅಳುವಿನ ಬದಲು ಗಂಟಲಲ್ಲಿ ಒಂದು ಸಣ್ಣ ನರಳು.

"ಎದಿ ಒಳಗ ಜಗ್ಗಾಕತ್ತಾದ," ಎಂದರು ಭಾಗಮ್ಮ. "ಇದು ನಿದ್ದಿ ಅಲ್ಲ. ಗಾಡಿ ತರಸ್ರಿ."

ಶರೀಫಸಾಬನ ಆಟೋ ಬಂತು. ಅಮೃತಮ್ಮ, ಭಾಗಮ್ಮ, ನಾನು ಹತ್ತಿದೆವು. ಶರೀಫಸಾಬ ಹಿಂದಿರುಗಿ ನೋಡಿ ಹೌಹಾರಿದ. "ಭಾಗಮ್ಮಾವ್ರ, ಗಾಳಿ ಭಾಳ ಅದರಿ. ಹಂಗ ಹಿಡೀಬ್ಯಾಡ್ರಿ, ಆ ಕೋಟಿನ್ಯಾಗ ಸುತ್ತರಿ ಕೂಸಿಗಿ."

"ಕೋಟ ಬ್ಯಾಡ!"

ಆ ದನಿಗೆ ಆತ ಬೆದರಿ ಗಾಡಿ ಬಿಟ್ಟ. ಸೆರಗು ಹೊದಿಸಿ, ಅದರ ಅಂಚನ್ನು ಮಾತ್ರ ಎತ್ತಿ ಹಿಡಿದು, ದವಾಖಾನೆ ಬರುವತನಕ ಅವರು ಕೂಸಿನ ಹೊಟ್ಟೆಯಿಂದ ಕಣ್ಣು ಕೀಳಲಿಲ್ಲ. ಮೈಮೇಲೆ ಅಷ್ಟು ಬೆಚ್ಚಗಿನ ಕೋಟಿದ್ದೂ ಸೆರಗು ಹೊದಿಸುವ ಈ ಮುದುಕಿಗೆ ಬುದ್ಧಿ ಕೆಟ್ಟಿತೇ ಎಂದು ನಾನು ಶಂಕಿಸಿದೆ. ಅವರ ಮನೆಯ ಗಾಳಿ ನನಗೂ ಬಡಿದಿತ್ತು.

ಡಾಕ್ಟರು ಕೂಸಿನ ಮುಖ ನೋಡುವ ಮೊದಲು ಎದೆಯನ್ನೇ ನೋಡಿದರು. ಮೂಗಿಗೆ ನಳಿಗೆ ಹಚ್ಚಿದರು, ಇಂಜೆಕ್ಷನ್ ಕೊಟ್ಟರು. ಆಮೇಲೆ ಹೇಳಿದರು: "ನ್ಯುಮೋನಿಯಾ ಆಗ್ಯಾದ. ಕೆಮ್ಮು, ನೆಗಡಿ ಎಲ್ಲಾ ಕೂಸಿಗೂ ಬರತಾವ್ರಿ. ಆದ್ರ ಉಸಿರು ಜೋರ ಓಡೂದು, ಎದಿ ಹಿಂಗ ಒಳಗ ಹೋಗೂದು, ಮಲಿ ಬಿಡೂದು, ಇವು ಕಂಡ್ರ ಒಂದ ಗಳಿಗಿ ಮನ್ಯಾಗ ಇಟ್ಟಕೋಬಾರದು. ಆರಾಮಾಗಿ ಸುಮ್ಮಾಗಿಲ್ಲ ಇದು, ಅಳಾಕ ತಾಕತ್ತಿಲ್ಲದ ಸುಮ್ಮಾಗ್ಯಾದ." ಕೌದಿಯನ್ನು ಮೂಸಿ ನೋಡಿ, ಹೊಗೆ ಹಾಕುವುದನ್ನು ಬಿಡಿ, ಎಳೆಯ ಎದೆಗೆ ಅದು ಕೆಟ್ಟದ್ದು ಎಂದೂ ಎಂದರು.

ಭಾಗಮ್ಮನವರು ಬಿಟ್ಟಾರೆಯೆ? "ಈ ನಳಿಗ್ಯಾಗ ಏನ ಬರತಾದ?"

"ಆಕ್ಸಿಜನ್. ಗಾಳಿ ಇದ್ದಂಗ, ಅಮ್ಮಾ."

"ಗಾಳಿ ಹೊರಗಿಲ್ಲೇನು?" ಎಂದವರೇ ನಳಿಗೆಯ ತುದಿಗೆ ಕೆನ್ನೆಯೊಡ್ಡಿ ನೋಡಿ, ಬರುತ್ತಿದೆಯೆಂದು ಖಾತ್ರಿ ಮಾಡಿಕೊಂಡರು.

ಆಗ ಅಮೃತಮ್ಮ, ಈವರೆಗೆ ತಲೆ ತಗ್ಗಿಸಿಕೊಂಡೇ ಇದ್ದವಳು, ಅತ್ತೆಯ ಮುಖ ನೋಡಿ ಹೇಳಿದಳು: "ಎರಡ ದಿನ ನನ್ನ ಪೆಟ್ಟಿಗಿ ಬಿಚ್ಚಿ ನೋಡಿದ್ರಿ. ಕೂಸಿನ ಎದಿ ಬಿಚ್ಚಿ ನೋಡಲಿಲ್ಲ."

ಭಾಗಮ್ಮನವರು ಹೊರಗೆ ಬಂದು ನಾನು ಕುಳಿತಿದ್ದ ಬೆಂಚಿನ ತುದಿಗೆ ಕುಳಿತರು. ಕಿಸೆಯಿಂದ ಆ ಬೀಜ ತೆಗೆದರು, ತಿರುಗಿಸಿ ನೋಡಿದರು, ಮತ್ತೆ ಕಿಸೆಗೇ ಹಾಕಿದರು. ಒಂದು ಸೋಲನ್ನು ಒಪ್ಪುವುದಕ್ಕೂ ಅವರಿಗೆ ಪುರಾವೆ ಸಾಲದೇನೋ. ಆಮೇಲೆ, ನಾನು ಎಂದೂ ಕಾಣದ್ದು, ಕೋಟು ಬಿಚ್ಚಿ ಮಡಚಿ ಮಡಿಲಲ್ಲಿಟ್ಟುಕೊಂಡರು.

"ನನ್ನ ಚೊಚ್ಚಲ ಮಗಂದೂ, ಜಗದೇವಪ್ಪನ ಮುಂಚಿನವಂದು, ಹಿಂಗ ಕೆಮ್ಮು," ಎಂದರು, ನನ್ನ ಕಡೆ ನೋಡದೆ. "ಕೆನಾಲ ಗಿನಾಲ ಏನೂ ಇರಲಿಲ್ಲ ಆವಾಗ. ಯಾದಗಿರಿ ದವಾಖಾನಿಗಿ ಹೊಂಟಿದ್ದಿವಿ. ಥಂಡಿ ಅದಂತ ಇವರು ಇದೇ ಕೋಟಿನ್ಯಾಗ ಸುತ್ತಿ ಎದಿಗಿ ಅವಚಿಕೊಂಡಿದ್ರು. ಶಹಾಪುರ ದಾಟಿದ ಮ್ಯಾಲ ಅಳೂದು ನಿಂತಿತು. ನಾ ನೋಡಬೇಕಂದೆ. ನಿದ್ದಿ ಹತ್ಯಾದ, ಎಬ್ಬಿಸಬ್ಯಾಡ ಅಂದ್ರು. ಬಸ್ಸಿನ್ಯಾಗ ಎಲ್ಲಾರೂ ಅದನ್ನೇ ಅಂದ್ರು. ಖರೇ ಅಂತ ನಂಬಿ ಕುಂತೆ ನಾನು. ಯಾದಗಿರಿ ದವಾಖಾನಿ ಬಾಗಿಲ್ದಾಗ ಕೋಟ ಬಿಚ್ಚಿದಿವಿ."

ಅಷ್ಟೇ ಹೇಳಿದರು. ನಾನು ಎಷ್ಟೋ ಸಲ ನಕ್ಕಿದ್ದು ಆ ಕೋಟನ್ನು ನೋಡಿಯೇ.

ಕೂಸು ಉಳಿಯಿತು. ಮೊದಲು ಮೊಲೆ ಹಿಡಿಯಿತು, ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಅತ್ತಿತು. ಅದನ್ನು ಮನೆಗೆ ಕಳಿಸುವ ದಿನ, ದವಾಖಾನೆಯಲ್ಲಿ ಕೂಸು ಅದಲುಬದಲಾಗಿಲ್ಲವೆಂದು ಭಾಗಮ್ಮನವರು ಬೆನ್ನಿನ ಮಚ್ಚೆ ನೋಡಿಯೇ ಎತ್ತಿಕೊಂಡರು. ಸೊಸೆ ನಕ್ಕಳು, ಆದರೆ ಪೆಟ್ಟಿಗೆಯ ಮಾತನ್ನು ಮರೆತಳೆಂದು ನಾನು ಹೇಳಲಾರೆ. ಹಾಗೆ ಮರೆಯುವುದಕ್ಕೆ ಕಾರಣವೂ ಇರಲಿಲ್ಲ. ಅತ್ತೆ ಕ್ಷಮೆ ಕೇಳಲಿಲ್ಲ. ಕಿಟಕಿಗೆ ಮತ್ತೆ ಚೀಲ ಕಟ್ಟಲಿಲ್ಲ, ಅಷ್ಟೆ.

ಅಂದಿನಿಂದ ಹೊಸ ಪರಿಪಾಠ ಶುರುವಾಯಿತು. ಬೆಳಗಿನ ಬಿಸಿಲು ಅಂಗಡಿಯ ಕಟ್ಟೆಗೆ ಬಂದೊಡನೆ ಮೊಮ್ಮಗಳನ್ನು ಅಲ್ಲಿ ಮಲಗಿಸಿ, ಊರ ಕಣ್ಣೆಲ್ಲ ಬಿದ್ದರೆ ಬೀಳಲೆಂದು ಕಟ್ಟು ಬಿಚ್ಚಿ, ಎದೆ ಏರಿ ಇಳಿಯುವುದನ್ನು ನೋಡುತ್ತಿದ್ದರು. ಎಣ್ಣೆ ಬೆಲ್ಲಕ್ಕೆ ಬಂದ ಬಾಣಂತಿಯರ ಕಂಕುಳಿನ ಕೂಸುಗಳಿಗೂ ಅದೇ ಅಪ್ಪಣೆ: "ಇರವಲ್ದ್ಯಾಕ, ಬಿಚ್ಚು." ಬರೀ ಮೂಗು ಸೋರುವ ಗಟ್ಟಿಮುಟ್ಟಾದ ಕೂಸುಗಳನ್ನೂ ಅವರು ಗದರಿಸಿ ದವಾಖಾನೆಗೆ ಅಟ್ಟಿದ್ದುಂಟು; ಆ ಡಾಕ್ಟರು ಒಮ್ಮೆ ನನ್ನನ್ನು ತಡೆದು, ನಿಮ್ಮ ಮನೆಯೊಡತಿಗೆ ಸ್ವಲ್ಪ ಹೇಳಿರಿ ಎಂದದ್ದೂ ಉಂಟು. ನಾನು ಹೇಳಲಿಲ್ಲ. ಹೇಳಿದ್ದರೂ ನನ್ನನ್ನು ಅವರು ನಂಬುತ್ತಿದ್ದರೆಂದು ಯಾರೂ ತಿಳಿಯಬೇಕಾಗಿಲ್ಲ.

ಸಂಶಯದ ಮಂದಿಯೊಡನೆ ಬಾಳುವುದು ಸುಲಭವಲ್ಲ. ಅವರು ನಿರಪರಾಧಿಗಳ ಪೆಟ್ಟಿಗೆ ಬಿಚ್ಚುತ್ತಾರೆ, ಒಳ್ಳೆಯ ಮಾತಿನಲ್ಲೂ ಕಲ್ಲು ಹುಡುಕುತ್ತಾರೆ, ಹತ್ತು ಸಲ ತಪ್ಪಿ ಹನ್ನೊಂದನೆಯದರಲ್ಲಿ ಸರಿಯಾದಾಗಲೂ ಹಿಂದಿನ ಹತ್ತನ್ನು ಒಪ್ಪುವುದಿಲ್ಲ. ನಾವಾದರೋ ಸೌಜನ್ಯದ ಜನ. "ಏನಾಗಂಗಿಲ್ಲ ಬಿಡು" ಎನ್ನುವವರು, "ಮಲಗಿದೆ, ಎಬ್ಬಿಸಬೇಡ" ಎನ್ನುವವರು, ಹಾಗೆ ಅಂದು ಬಸ್ಸು ಹಿಡಿದು ಹೋಗುವವರು. ನಮ್ಮ ಈ ಸೌಜನ್ಯದ ನಡುವೆ, ಎಬ್ಬಿಸಿ ಬೈಸಿಕೊಳ್ಳುವ ಒಂದು ಜೀವ ಪ್ರತಿ ಓಣಿಯಲ್ಲೂ ಇರುತ್ತದೆ. ಅದರ ಮೈಮೇಲಿನ ಕೋಟನ್ನು ನೋಡಿ ನಾವು ನಗುತ್ತೇವೆ. ಅದನ್ನು ಹಿಂದೊಮ್ಮೆ ಯಾವ ದವಾಖಾನೆಯ ಬಾಗಿಲಲ್ಲಿ ನಿಂತು ಬಿಚ್ಚಿದ್ದರೆಂದು ಮಾತ್ರ ಕೇಳುವುದಿಲ್ಲ.