ಬಲಗಡೆಯ ಸೀಟು

"ಎಡಕ್ಕೆ, ಲೈಲ್, ಎಡಕ್ಕೆ! ಮೆಟ್ಟಿಲು ನೋಡ್ಕೊಂಡು!"

ಶವಪೆಟ್ಟಿಗೆಯ ಮುಂದಿನ ಹಿಡಿ ಲೈಲ್ ಝುಪಾನನ ಕೈಯಲ್ಲಿತ್ತು. ಎಪ್ಪತ್ತೆಂಟರ ಮೊಣಕಾಲು ಚರ್ಚಿನ ಮೂರನೇ ಮೆಟ್ಟಿಲಿಗೆ ಕೈಕೊಟ್ಟಿತು. ಪೆಟ್ಟಿಗೆ ವಾಲಿತು. ಒಳಗೆ ಆರ್ವೊ ಕಂಗಾಸ್ ಒಂದಿಷ್ಟು ಜರುಗಿದ ಸದ್ದು ಹೊತ್ತಿದ್ದ ಆರು ಜನಕ್ಕೂ ಕೇಳಿಸಿತು.

"ನಿನ್ನ ಇಳಿಸೋ ಕೆಲಸ ಇನ್ನೂ ಒರಟೇ ಕಣೋ ಪೈಲಟ್ಟೇ," ಎಂದು ಪಕ್ಕದಲ್ಲಿದ್ದ ಟೋಯ್ವೊ ಪಿಸುಗುಟ್ಟಿದ.

"ಬಾಯ್ಮುಚ್ಕೊಂಡು ಹೊರು."

ಅಕ್ಟೋಬರಿನ ಕೊನೆಯ ವಾರ. ಶಗಾವಾ ಕೆರೆಯಲ್ಲಿ ನೀರಿನ ಮೇಲೇ ಇಳಿದು ಏಳುವ ತೇಲುವಿಮಾನಗಳನ್ನೆಲ್ಲ ಆಗಲೇ ದಡಕ್ಕೆ ಎಳೆದಿಟ್ಟಿದ್ದರು. ಸ್ಮಶಾನದಲ್ಲಿ ಹದಿನಾಲ್ಕು ಜನ ನಿಂತಿದ್ದರು. ಆರ್ವೊನ ಬಗ್ಗೆ ಎರಡು ಮಾತು ಆಡುವವರು ಯಾರಾದರೂ ಇದ್ದೀರಾ ಎಂದು ಪಾಸ್ಟರ್ ಕೇಳಿದಾಗ ಎಲ್ಲರೂ ಲೈಲ್‌ನ ಕಡೆ ನೋಡಿದರು. ಮೂವತ್ತೊಂದು ವರ್ಷ ಲೈಲ್ ಹಾರಿಸಿದ ವಿಮಾನವನ್ನು ದುರಸ್ತಿ ಮಾಡಿದವನು ಆರ್ವೊ. ಲೈಲ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ಒಳ್ಳೆ ಮೆಕ್ಯಾನಿಕ್ಕು," ಎಂದ. ಟೋಪಿ ಹಾಕಿಕೊಂಡು ಹಿಂದೆ ಸರಿದ.

ಊಟ ಚರ್ಚಿನ ನೆಲಮಾಳಿಗೆಯಲ್ಲಿತ್ತು. ಹಂದಿಮಾಂಸ ಇಟ್ಟ ಬನ್ನು, ಬಿಸಿ ಆಲೂಗಡ್ಡೆ, ತೆಳು ಕಾಫಿ. ಆರ್ವೊನ ತಂಗಿಯ ಮಗಳು ಮಾರ್ನಿ ಫೋನು ಹಿಡಿದುಕೊಂಡು ಲೈಲ್, ಟೋಯ್ವೊ ಕೂತಿದ್ದ ಮೇಜಿಗೆ ಬಂದಳು. ಡುಲುತ್‌ನ ಶಾಲೆಯೊಂದರಲ್ಲಿ ನರ್ಸ್ ಅವಳು. ಆರ್ವೊಗೆ ನನ್ನವರು ಅಂತ ಉಳಿದಿದ್ದವಳು ಅವಳೊಬ್ಬಳೇ.

"ಲೈಲ್, ಒಂದು ಕೇಳ್ಬೇಕಿತ್ತು. ಮಾವ ಪೈಲಟ್ ಆಗಿದ್ರಾ?"

ಟೋಯ್ವೊ ಬಾಯಲ್ಲಿದ್ದ ಬನ್ನು ಉಗುಳುವಂತೆ ನಕ್ಕ. "ಆರ್ವೊನಾ? ಒಂದೇ ಕಣ್ಣಿತ್ತಲ್ಲಮ್ಮ ಅವನಿಗೆ. ಕಾರು ಓಡ್ಸಿದ್ರೇ ಊರೆಲ್ಲ ಪಕ್ಕಕ್ಕೆ ಸರೀತಿತ್ತು."

"ನನಗೂ ಹಾಗೇ ಗೊತ್ತಿದ್ದಿದ್ದು. ಆದ್ರೆ ಇವರು ನೋಡಿ..." ಅವಳು ಫೋನು ಮುಂದೆ ಹಿಡಿದಳು. "ಮಾವ ಕಂಪ್ಯೂಟರ್ ಆಟದಲ್ಲಿ ಹಾರಿಸ್ತಿದ್ದ ವಿಮಾನ ಮಾಡಿದವರು. ಮಾವ ತೀರ್ಕೊಂಡ್ರು ಅಂತ ಬರೆದಿದ್ದೆ. ಹನ್ನೊಂದು ವರ್ಷ ನಮ್ಮ ತಪ್ಪುಗಳನ್ನ ತಿದ್ದಿದ್ದೇ ಅವರು ಅಂತ ವಾಪಸ್ ಬರೆದಿದ್ದಾರೆ. ಇನ್ನು ಮುಂದೆ ಆ ವಿಮಾನದ ಬಾಗಿಲ ಮೇಲೆ 'ಪೈಲಟ್ ಆರ್ವೊ ಕಂಗಾಸ್' ಅಂತ ಹಾಕ್ತಾರಂತೆ. ಸರಿಯಾ ಅಂತ ಕೇಳಿದ್ದಾರೆ."

ಲೈಲ್‌ನ ಕುತ್ತಿಗೆ ಕೆಂಪೇರಿತು. "ಪೈಲಟ್ ಅಂತ ಅವನೇ ಹೇಳ್ಕೊಂಡಿದ್ನಾ?"

"ಹಾಗೆಲ್ಲೂ ಇಲ್ಲ. ಬರೆದಿದ್ದೆಲ್ಲ 'ನಾವು' ಅಂತ. ನಾವು ಆ ಕೆರೇಲಿ ಇಳಿದ್ವಿ, ನಾವು ಚಳೀಲಿ ಎಂಜಿನ್ ಹೀಗೆ ಬೆಚ್ಚಗೆ ಮಾಡ್ತಿದ್ವಿ ಅಂತ."

"ಇಳಿಸ್ತಿದ್ದೋನು ನಾನು. ಸುಳ್ಳು ಬರೀಬೇಡ ಅವರಿಗೆ. ಪೈಲಟ್ ಅನ್ನಿಸ್ಕೊಳ್ಳೋದು ಬಿಟ್ಟಿ ಸಿಗೋದಲ್ಲ."

ಮಾರ್ನಿ ಫೋನನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. "ಆಯ್ತು. ಮಾವನ ಮನೆವರೆಗೆ ಬರ್ತೀರಾ? ಅಲ್ಲಿರೋ ಸಾಮಾನು ಏನು ಮಾಡ್ಬೇಕೋ ನನಗೊಂದೂ ತಿಳೀತಿಲ್ಲ."

* * *

ಲೈಲ್ ಹಾರಿಸುತ್ತಿದ್ದ ಬೀವರ್ ವಿಮಾನದಲ್ಲಿ ಚುಕ್ಕಾಣಿ ಒಂದೇ. ಅದರ ತೋಳನ್ನು ಹೊರಳಿಸಿದರೆ ಎಡಗಡೆಯ ಪೈಲಟ್ಟನ ಮುಂದಿರುವ ಚಕ್ರ ಬಲಗಡೆಯವನ ಮಡಿಲ ಮುಂದೆ ಬರುತ್ತದೆ. ದುರಸ್ತಿಯಾದಾಗಲೆಲ್ಲ ಕೆರೆಯ ಮೇಲೊಂದು ಸುತ್ತು ಹಾರಿಸಿ ನೋಡುವುದು ವಾಡಿಕೆ. ಬಲಗಡೆಯ ಸೀಟಿನಲ್ಲಿ ಆರ್ವೊ ತಲೆ ಬಗ್ಗಿಸಿ ಕೂತು ಎಂಜಿನ್ನಿನ ಸದ್ದು ಕೇಳುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಚುಕ್ಕಾಣಿ ಕೊಡು ಎಂದು ಅವನು ಕೇಳಿದ್ದು ಒಂದೇ ಸಲ. ೧೯೮೪ರ ಜೂನ್ ತಿಂಗಳು, ಗಾಳಿಯಿರಲಿಲ್ಲ, ಕೆರೆ ಕನ್ನಡಿಯ ಹಾಗಿತ್ತು.

"ಲೈಲ್, ಒಂದ್ನಿಮಿಷ ಈ ಕಡೆ ಕೊಡ್ತೀಯಾ?"

"ಮುಂದಿನ ಸಲ ನೋಡೋಣ," ಎಂದಿದ್ದ ಲೈಲ್. ಆಗ ಅವನಿಗೆ ಮೀನು ಹಿಡಿಯಲು ಬಂದ ನಾಲ್ವರನ್ನು ಹತ್ತಿಸಿಕೊಳ್ಳುವ ಅವಸರ. ಆರ್ವೊ ತಲೆಯಾಡಿಸಿ ಮತ್ತೆ ಎಂಜಿನ್ನಿಗೆ ಕಿವಿಗೊಟ್ಟ. ಮುಂದಿನ ಸಲ ಅವನು ಕೇಳಲಿಲ್ಲ. ಲೈಲ್‌ಗೂ ನೆನಪಾಗಲಿಲ್ಲ.

* * *

ಎರಡನೆಯ ಸಲ ಆರ್ವೊ ಬಾಯಿಬಿಟ್ಟದ್ದು ಹೋಟೆಲಿನಲ್ಲಿ, ಹನ್ನೊಂದು ವರ್ಷದ ಹಿಂದೆ. ಆಗ ಲೈಲ್‌ಗೆ ಹೃದಯಾಘಾತವಾಗಿ ಲೈಸೆನ್ಸ್ ಹೋಗಿ ಎರಡು ತಿಂಗಳಾಗಿತ್ತು. ಅವನು ಯಾರ ಜೊತೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ.

"ಮನೆಗೆ ಬಾ, ಹಾರಿಸೋಣ," ಎಂದ ಆರ್ವೊ, ಕಾಫಿ ಕಲಕುತ್ತ. "ಕಂಪ್ಯೂಟರಲ್ಲಿ. ಆಟದ ಜೊತೆ ಬರೋ ವಿಮಾನಗಳಲ್ಲ ಮತ್ತೆ, ಅವು ಬರೀ ಬೊಂಬೆ. ಇದನ್ನ ಬೇರೆ ತಗೊಂಡು ಸೇರಿಸ್ಕೋಬೇಕು. ವ್ಯಾಂಕೂವರ್ ಕಡೆ ಮೂರು ಜನ ಮಾಡಿದಾರೆ. ಬೀವರ್, ಲೈಲ್. ಎಣ್ಣೆ ಬಿಸಿ ತೋರ್ಸೋ ಮುಳ್ಳು ಮಾತ್ರ ಸ್ವಲ್ಪ ಬೇಗ ಏರತ್ತೆ, ಅವರಿಗೆ ಹೇಳ್ಬೇಕು."

ಲೈಲ್ ಇಡೀ ಹೋಟೆಲಿಗೆ ಕೇಳಿಸುವಂತೆ ನಕ್ಕ. "ಕೇಳಿದ್ರೇನ್ರೋ? ನಿಜವಾದ್ದು ಕಿತ್ಕೊಂಡ್ರು ಅಂತ ನನಗೆ ಮಕ್ಕಳ ಆಟಿಕೆ ತಂದಿದಾನೆ!"

ಎಲ್ಲರೂ ನಕ್ಕರು. ಆರ್ವೊ ಕೂಡ ನಕ್ಕು, ಕಾಫಿ ಅರ್ಧಕ್ಕೇ ಬಿಟ್ಟು, ಎಂದಿನಂತೆ ಕುರ್ಚಿಯನ್ನು ಮೇಜಿನಡಿಗೆ ಸರಿಸಿ ಹೋದ.

* * *

ಆರ್ವೊನ ಮನೆಯ ನೆಲಮಾಳಿಗೆಯಲ್ಲಿ ಚಳಿಗೆ ಉರಿಸುವ ಒಲೆ ಆರಿ ನಾಲ್ಕು ದಿನವಾಗಿತ್ತು. ಉದ್ದನೆಯ ಮೇಜಿನ ಮೇಲೆ ಮೂರು ಪರದೆ, ನಡುವೆ ನಿಜವಾದ ಬೀವರಿನಿಂದ ಬಿಚ್ಚಿ ತಂದಿದ್ದ ಹಳೆಯ ಚಕ್ರ. ಅದರ ರಬ್ಬರು ಎಲ್ಲಿ ಸವೆದಿದೆಯೆಂದು ಲೈಲ್‌ನ ಹೆಬ್ಬೆರಳಿಗೆ ಗೊತ್ತಿತ್ತು. ಅಲ್ಲಿದ್ದದ್ದು ಒಂದೇ ಕುರ್ಚಿ.

ಮಾರ್ನಿ ಗುಂಡಿ ಒತ್ತಿದಳು. ಪರದೆಗಳು ಬೆಳಗಿದವು. ವಿಮಾನ ಕಟ್ಟಿಹಾಕುವ ಹಲಗೆಯ ಕಟ್ಟೆ, ಪಕ್ಕದಲ್ಲಿ ನೀರು, ಆಚೆ ದೇವದಾರು ಮರಗಳು, ಮುಂದೆ ಎಂಜಿನ್ನಿನ ದುಂಡು ಮೂತಿ. ಲೈಲ್ ಕನ್ನಡಕ ಸರಿಮಾಡಿಕೊಂಡ.

"ಇದೇನಿದು, ಬಲಗಡೆ ಕೂತ ಹಾಗಿದೆಯಲ್ಲ. ಚಕ್ರಾನೂ ಈ ಕಡೆ ಹೊರಳ್ಸಿದಾನೆ. ಪೈಲಟ್ ಕೂರೋದು ಎಡಗಡೆ."

"ಯಾವಾಗ್ಲೂ ಹೀಗೇ ಇಟ್ಕೊಳ್ತಿದ್ರು. ನಾನೂ ಒಂದ್ಸಲ ಕೇಳಿದ್ದೆ, ಆ ಕಡೆ ಯಾಕೆ ಕೂರಲ್ಲ ಅಂತ." ಅವಳು ಎಡಗಡೆಯ ಪರದೆ ತೋರಿಸಿದಳು. "ಅದು ಲೈಲ್ ಜಾಗ ಅಂದ್ರು."

ಎಡಗಡೆಯ ಪರದೆಯ ಅಂಚಿನಲ್ಲಿ ಪೈಲಟ್ಟನ ಸೀಟು ಕಾಣುತ್ತಿತ್ತು. ಖಾಲಿ ಚರ್ಮದ ಮೇಲೆ ಬಿಸಿಲು ಬಿದ್ದಿತ್ತು.

ಲೈಲ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಕುರ್ಚಿ ಎಳೆದುಕೊಂಡು ಕೂತ. "ಚಾಲೂ ಮಾಡೋದು ಹೇಗೆ?"

ಗೋಡೆಗೆ ಅಂಟಿಸಿದ್ದ ಪೆನ್ಸಿಲ್ ಬರಹದ ಹಾಳೆಯನ್ನು ಮಾರ್ನಿ ಓದಿದಳು. "'ಕೈಪಂಪು ಒತ್ತು. ಪೆಟ್ರೋಲ್ ಮುಳ್ಳು ಐದಕ್ಕೆ ಬರೋವರೆಗೆ. ಲೈಲ್ ಥರ ಅವಸರ ಬೇಡ.'" ಅವಳು ಮುಜುಗರದಿಂದ ತಲೆಯೆತ್ತಿದಳು. "ಹಾಗೇ ಬರೆದಿದಾರೆ."

"ಓದು, ಓದು. ಇದನ್ನ ಮೂವತ್ತೊಂದು ವರ್ಷ ಕೇಳಿದೀನಿ."

ಅವಳು ಓದಿದಂತೆ ಅವನು ಮಾಡಿದ. ಮೊದಲ ಸಲ ಎಂಜಿನ್ ಹೊತ್ತಲಿಲ್ಲ. ಎರಡನೆಯ ಸಲ ಅವನು ನಿಧಾನವಾಗಿ ಪಂಪು ಒತ್ತಿದ. ಒಂದು ಸಿಲಿಂಡರ್ ಕೆಮ್ಮಿತು, ತಡೆದು ಇನ್ನೊಂದು, ಆಮೇಲೆ ಬಿಳಿ ಹೊಗೆಯ ಜೊತೆ ಒಂಬತ್ತೂ ಒಟ್ಟಿಗೆ. ಲೈಲ್ ಚಕ್ರದಿಂದ ಕೈ ತೆಗೆದುಬಿಟ್ಟ. ಅದು ಅವರದೇ ವಿಮಾನದ ಸದ್ದಾಗಿತ್ತು. ಎಣ್ಣೆಯ ಮುಳ್ಳು ಚಳಿಯ ಬೆಳಗಿನಲ್ಲಿ ಏರುವ ಹಾಗೆ, ಮನಸ್ಸಿಲ್ಲದೆ, ಮೆಲ್ಲಗೆ ಏರಿತು.

"ಇದನ್ನ ಅವರಿಗೆ ಅವನೇ ಹೇಳ್ಕೊಟ್ಟಿದ್ದು," ಎಂದ. "ನನಗೂ ಗೊತ್ತಿರಲಿಲ್ಲ ನೋಡು, ಇಷ್ಟು ಸರಿಯಾಗಿ."

"ಲೈಲ್, ಅದು ಹೋಗ್ತಾ ಇದೆ!"

ಕಟ್ಟೆಯ ಹಲಗೆಗಳು ಹಿಂದಕ್ಕೆ ಸರಿಯುತ್ತಿದ್ದವು.

"ನಿಲ್ಲಿಸಿ!"

"ನಿಲ್ಸೋಕಾಗಲ್ಲಮ್ಮ. ತೇಲೋ ವಿಮಾನಕ್ಕೆ ಬ್ರೇಕ್ ಇರಲ್ಲ. ಹಗ್ಗ ಬಿಚ್ಚಿ ಎಂಜಿನ್ ಹಚ್ಚಿದ ಮೇಲೆ ಹೋಗೋದೇ." ಅವನು ಮತ್ತೆ ಚಕ್ರ ಹಿಡಿದ. "ಆ ವ್ಯಾಂಕೂವರಿನವರಿಗೆ ಬರಿ."

"ಮೆಕ್ಯಾನಿಕ್ ಅಂತ ತಾನೇ?"

"ಅವರು ಕೇಳಿದ್ದಾರಲ್ಲ, ಹಾಗೇ ಬರಿ. ಪೈಲಟ್ ಅಂತ."

ಮಾರ್ನಿ ಕೋಟಿನ ಜೇಬಿನಿಂದ ಫೋನು ತೆಗೆದಳು. ವಿಮಾನ ಗಾಳಿಗೆ ಅಡ್ಡಲಾಗಿ ತಿರುಗುತ್ತ ಬಯಲು ನೀರಿಗೆ ಹೊರಟಿತ್ತು. ಮೇಜಿನ ಕೆಳಗೆ ಲೈಲ್‌ನ ಕಾಲು ತಡಕಾಡಿ ಆರ್ವೊ ಮರದಲ್ಲಿ ಮಾಡಿಕೊಂಡಿದ್ದ ಪೆಡಲುಗಳನ್ನು ಹುಡುಕಿಕೊಂಡಿತು. ಅವನು ಬಲಗಾಲನ್ನು ಮೆಲ್ಲಗೆ ಒತ್ತಿದ. ಕಪ್ಪು ಶೂಗೆ ಮೆತ್ತಿಕೊಂಡಿದ್ದ ಸ್ಮಶಾನದ ಹಸಿಮಣ್ಣು ಪೆಡಲಿನ ಮೇಲೆ ಉದುರಿತು. ಪರದೆಯಲ್ಲಿ ವಿಮಾನದ ಮೂತಿ ನಿಧಾನವಾಗಿ ಗಾಳಿಯ ಕಡೆಗೆ, ಮೇಲೇಳುವ ದಿಕ್ಕಿಗೆ ತಿರುಗಿತು.