ಹಸಿರು ಮಿಡತೆಯ ಹಿಂದಿನ ಸೀಟು

ಜೀವಮಾನವಿಡೀ ಬಸ್ಸು ಓಡಿಸಿದ ಅವನಿಗೆ ಎರಡು ಚಕ್ರದ ಗಾಡಿಯೆಂದರೆ ನಂಬಿಕೆಯೇ ಇರಲಿಲ್ಲ. ಅವನ ಪಾಲಿಗೆ ಬೈಕೆಂದರೆ ಕನ್ನಡಿಯ ಒಂದು ಮೂಲೆಯಲ್ಲಿ ಹುಟ್ಟಿ, ಎದೆ ಧಸಕ್ಕೆನ್ನಿಸಿ, ಇನ್ನೊಂದು ಮೂಲೆಯಲ್ಲಿ ಮಾಯವಾಗುವ ತಲೆನೋವು. ಅಂಥವನ ಒಬ್ಬಳೇ ಮಗಳು, ಬೀದಿಯವರೆಲ್ಲ ಚೂಟಿ ಎಂದು ಕರೆಯುವ ಹುಡುಗಿ, ಒಂದು ಸಂಜೆ ಹಸಿರು ಸ್ಪೋರ್ಟ್ಸ್ ಬೈಕೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದಳು.

ನೂರೈವತ್ತು ಸಿಸಿಯ ಸಣ್ಣ ಎಂಜಿನ್ನು, ತಗ್ಗಿದ ಹ್ಯಾಂಡಲ್ಲು, ಮುಂದಕ್ಕೆ ಚಾಚಿದ ಮೂತಿ, ಮೇಲಕ್ಕೆತ್ತಿದ ಬಾಲ. ಹೊಸದಾಗಿ ಕಲಿತವರಿಗೆಂದೇ ಮಾಡಿದ್ದು, ಹಗುರ ಇದೆ, ಹೇಳಿದ ಮಾತು ಕೇಳುತ್ತೆ ಎಂದು ಅವಳು ವಿವರಿಸಿದಳು. ಅಪ್ಪ ಅದರ ಸುತ್ತ ಒಮ್ಮೆ ನಡೆದು ಬಂದು, "ಇದು ಬೈಕಾ, ಮಿಡತೆಯಾ?" ಎಂದವನೇ ಒಳಗೆ ಹೋಗಿ ಟಿವಿ ಹಾಕಿದ.

ಚೂಟಿ ಗುಡ್ಡದಾಚೆಯ ಪೇಟೆಯಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಮಾಡುತ್ತಿದ್ದಳು. ಕೂದಲೆಳೆಯಷ್ಟು ತಪ್ಪಿದರೂ ಗಾಜು ಕೂರುವುದಿಲ್ಲ, ಹಾಗಾಗಿ ಅವಸರವೆಂಬುದು ಅವಳ ಕೈಗೇ ಗೊತ್ತಿರಲಿಲ್ಲ. ಬೈಕು ಕಲಿತದ್ದೂ ಹಾಗೆಯೇ. ರಜೆಯ ದಿನಗಳಲ್ಲಿ ಖಾಲಿ ಮೈದಾನದಲ್ಲಿ ತರಬೇತಿ ಕೊಡುವ ಹೆಂಗಸೊಬ್ಬಳ ಹತ್ತಿರ, ಬರೀ ನಿಲ್ಲಿಸುವುದನ್ನೇ ವಾರಗಟ್ಟಲೆ ಕಲಿತಿದ್ದಳು. ಇದೊಂದೂ ಅಪ್ಪನಿಗೆ ಗೊತ್ತಿರಲಿಲ್ಲ. ನನ್ನ ಬಸ್ಸೇ ಆ ಪೇಟೆಗೆ ಹೋಗುವಾಗ ನಿನಗೆ ಬೇರೆ ಗಾಡಿ ಯಾಕೆ ಎಂಬುದೊಂದೇ ಅವನ ವಾದ. ಬಸ್ಸು ಅಂಗಡಿ ಬಾಗಿಲು ತೆಗೆದ ಮೇಲೆ ತಲುಪುತ್ತೆ ಅಪ್ಪ ಎಂದು ಅವಳು ಹೇಳಿದರೆ, ಅದು ಬಸ್ಸಿನ ತಪ್ಪಲ್ಲ, ಅಂಗಡಿಯದು ಎನ್ನುತ್ತಿದ್ದ. ಆಮೇಲಾಮೇಲೆ ಮಾತೇ ನಿಂತಿತು. ಅವಳು ಬೆಳಿಗ್ಗೆ ಬೈಕು ಶುರು ಮಾಡುವ ಹೊತ್ತಿಗೆ ಸರಿಯಾಗಿ ಅವನಿಗೆ ಹಿತ್ತಲಲ್ಲಿ ಏನಾದರೊಂದು ಕೆಲಸ ಬಂದುಬಿಡುತ್ತಿತ್ತು.

ಒಂದು ದಿನ ಅವನ ರಜೆಯ ಬೆಳಿಗ್ಗೆ ಡಿಪೋದಿಂದ ಫೋನು ಬಂತು. ಗುಡ್ಡದ ಮೇಲಿನ ನಿಲ್ದಾಣದಲ್ಲಿ ಪೇಟೆಗೆ ಹೋಗುವ ಬಸ್ಸಿನ ಡ್ರೈವರಿಗೆ ಹೊಟ್ಟೆನೋವು ಕಾಣಿಸಿಕೊಂಡು ಆಸ್ಪತ್ರೆಗೆ ಸಾಗಿಸಿದ್ದರು. ಬಸ್ಸು ತುಂಬ ಮಕ್ಕಳು. ಆಚೆ ಪೇಟೆಯಲ್ಲಿ ಅವರಿಗೆ ವರ್ಷದ ಕೊನೆಯ ಪರೀಕ್ಷೆ. ಹತ್ತಿರದಲ್ಲಿರುವ ಡ್ರೈವರೆಂದರೆ ಇವನೊಬ್ಬನೇ. ಆದರೆ ಗುಡ್ಡದ ಬುಡದಲ್ಲಿ ಲಾರಿಯೊಂದು ಅಡ್ಡ ಬಿದ್ದು, ಅದರ ಹಿಂದೆ ಕಾರುಗಳು ಇರುವೆ ಸಾಲಿನಂತೆ ನಿಂತಿದ್ದವು. ಎರಡು ಚಕ್ರದವರು ಮಾತ್ರ ಸಂದಿಯಲ್ಲಿ ದಾಟುತ್ತಿದ್ದರು.

ಚೂಟಿ ಆಗಲೇ ಕೆಲಸಕ್ಕೆ ಹೊರಟು ನಿಂತಿದ್ದಳು. "ಬಾ ಅಪ್ಪ, ಬಿಡ್ತೀನಿ," ಎಂದಳು.

ಅವನು ಹೆಂಡತಿಯ ಮುಖ ನೋಡಿದ. ಹೆಂಡತಿ ಒಳಗೆ ಹೋಗಿ ಅಟ್ಟದಿಂದ ರಟ್ಟಿನ ಡಬ್ಬಿಯೊಂದನ್ನು ಇಳಿಸಿ ತಂದಳು. ಅದರಲ್ಲಿ ಹೊಚ್ಚಹೊಸ ಹೆಲ್ಮೆಟ್ಟು. ಕುಂಬಳಕಾಯಿಯಂಥ ಅವನ ತಲೆಗೆ ಅಳತೆ ತೆಗೆದು ಮಾಡಿಸಿದಂತೆ ಕೂತಿತು.

"ಇದು ಯಾವಾಗ ತಂದದ್ದು?"

"ಬೈಕಿನ ಜೊತೆಗೇ ತಂದ್ಲು," ಎಂದಳು ಹೆಂಡತಿ. "ನೀವು ಯಾವತ್ತಾದ್ರೂ ಕೂರ್ತೀರಿ ಅಂತ."

ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಹೊರಗೆ ಬಂದ. ಹಿಂದಿನ ಸೀಟೋ, ಮಣೆಯಷ್ಟೂ ಅಗಲವಿಲ್ಲ. ಏಣಿ ಹತ್ತಿದಂತೆ ಹತ್ತಿ ಕೂತರೆ ಮೊಣಕಾಲು ಕಂಕುಳಿಗೆ ಬಂತು. ನಾನು ನೇರ ಕೂತಾಗ ನೇರ ಕೂರು, ವಾಲಿದಾಗ ನನ್ನ ಜೊತೆ ವಾಲು, ಅಷ್ಟು ಸಾಕು ಎಂದು ಮಗಳು ಹೇಳಿಕೊಟ್ಟಳು. ಸಾವಿರಾರು ಜನರನ್ನು ಕೂರಿಸಿಕೊಂಡು ಹೋದವನಿಗೆ ಕೂರುವುದನ್ನು ಯಾರೂ ಕಲಿಸಿರಲಿಲ್ಲ.

ಲಾರಿಯ ಪಕ್ಕ ಜಾಗ ಕಿರಿದಾಗಿತ್ತು. ಅವನು ಉಸಿರು ಬಿಗಿಹಿಡಿದ. ಅವಳು ನಡಿಗೆಯ ವೇಗದಲ್ಲಿ, ಕ್ಲಚ್ಚನ್ನು ಅರ್ಧ ಹಿಡಿದು, ಕಾಲು ನೆಲಕ್ಕೆ ಊರದೆ ಸೂಜಿಗೆ ದಾರ ಪೋಣಿಸಿದಂತೆ ದಾಟಿಸಿದಳು. ಆಮೇಲೆ ಗುಡ್ಡದ ತಿರುವುಗಳು ಶುರುವಾದವು. ಒಂದೊಂದು ತಿರುವು ಬಂದಾಗಲೂ ಅವನ ಬಲಗಾಲು ತಂತಾನೇ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ಅಪ್ಪ, ಬ್ರೇಕು ನನ್ನ ಹತ್ರ ಇದೆ," ಎಂದಳು ಮಗಳು, ತಿರುಗಿ ನೋಡದೆ.

ನಗು ಬಂತು, ನುಂಗಿಕೊಂಡ. ನಗುವಿನ ಜೊತೆಗೆ ಹೆದರಿಕೆಯೂ ಅಷ್ಟು ಇಳಿಯಿತು. ಆಗ ಅವನ ಒಳಗಿನ ಡ್ರೈವರು ಕಣ್ಣುಬಿಟ್ಟ. ಸಣ್ಣ ಎಂಜಿನ್ನು, ಮೇಲೆ ತನ್ನಂಥ ಭಾರದ ಆಳು. ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆಂದು ಕಾದ. ಇಲ್ಲ, ಏರು ಬರುವ ಮೊದಲೇ ಅವಳು ಗಿಯರು ಇಳಿಸಿದ್ದಳು. ಎಂಜಿನ್ನು ಒಂದೇ ಶ್ರುತಿಯಲ್ಲಿ ಹಾಡುತ್ತ ಹತ್ತುತ್ತಿತ್ತು. ಎದುರಿನದು ಕಾಣದ ತಿರುವಿನಲ್ಲಿ ಎಡದ ಅಂಚಿಗೇ ಇರುತ್ತಿದ್ದಳು. ಗಿಯರು ಬದಲಿಸಿದ್ದು ಸೀಟಿಗೆ ಗೊತ್ತಾಗುತ್ತಿರಲಿಲ್ಲ. ಡಿಪೋದಲ್ಲಿ ಹೊಸಬರಿಗೆ ಇದೇ ಪಾಠವನ್ನು ಗಂಟಲು ಹರಿದುಕೊಂಡು ಹೇಳಿದರೂ ನೂರರಲ್ಲಿ ನಾಲ್ವರಿಗೂ ತಲೆಗೆ ಹತ್ತುತ್ತಿರಲಿಲ್ಲ.

ಮೇಲಿನ ದೊಡ್ಡ ತಿರುವಿನಲ್ಲಿ ಯಾರೋ ಜಲ್ಲಿ ಚೆಲ್ಲಿ ಹೋಗಿದ್ದರು. ಅವನು ಅದನ್ನು ಕಂಡ. ಅದೇ ಗಳಿಗೆಗೆ ಎದುರಿನಿಂದ ವ್ಯಾನೊಂದು ತಿರುವನ್ನು ಕತ್ತರಿಸಿಕೊಂಡು ಇವರ ಪಾಲಿನ ರಸ್ತೆಗೇ ನುಗ್ಗಿತು. ಬ್ರೇಕು ಒತ್ತಿ ಹಿಡಿದರೆ ಜಲ್ಲಿಯಲ್ಲಿ ಜಾರುವುದು ಖಂಡಿತ. ಕಿರುಚಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ವಾಲಿದ್ದ ಬೈಕು ನೆಟ್ಟಗಾಯಿತು. ಜಲ್ಲಿಗೆ ಮುಂಚೆಯೇ ಅವಳು ಬ್ರೇಕು ಹಿಡಿದು ವೇಗ ಇಳಿಸಿದ್ದಳು. ಬ್ರೇಕು ಬಿಟ್ಟು, ಹ್ಯಾಂಡಲ್ಲನ್ನು ಹಕ್ಕಿಮರಿ ಹಿಡಿದಂತೆ ಸಡಿಲ ಹಿಡಿದು ಅವಳು ಕಲ್ಲಿನ ಮೇಲೆ ಹಾಗೇ ಉರುಳಿಸಿದಳು. ವ್ಯಾನು ಕೈಯಳತೆಯಲ್ಲಿ ಹಾದುಹೋಯಿತು. ಜಲ್ಲಿ ದಾಟಿದ ಮೇಲೆ, ಏನೂ ಆಗಿಲ್ಲವೆಂಬಂತೆ, ಮತ್ತೆ ವಾಲಿ ತಿರುಗಿಸಿದಳು. ಅವನೂ ಜೊತೆಗೆ ವಾಲಿದ. ಮುಂದಿನ ತಿರುವುಗಳಲ್ಲಿ ಅವನ ಬಲಗಾಲು ಸುಮ್ಮನಿತ್ತು.

ನಿಲ್ದಾಣದಲ್ಲಿ ಕಂಡಕ್ಟರು ಓಡಿಬಂದ. ಮಕ್ಕಳು ಕಿಟಕಿಗಳಲ್ಲಿ ಪುಸ್ತಕ ಮಡಚಿ ನೋಡುತ್ತಿದ್ದರು. ಅವನು ಇಳಿದು ಹೆಲ್ಮೆಟ್ಟು ತೆಗೆದ. ಹೇಳಬೇಕಾದ್ದು ಬಹಳ ಇತ್ತು, ಹೊತ್ತಿರಲಿಲ್ಲ.

"ಯಾರು ಕಲಿಸಿದ್ರು ನಿಂಗೆ?"

"ಮೈದಾನದಲ್ಲಿ ಮೇಡಮ್ಮು," ಎಂದಳು. ಹೆಲ್ಮೆಟ್ಟಿನ ಗಾಜು ಮೇಲೆತ್ತಿ, "ಚಿಕ್ಕವಳಿದ್ದಾಗ ನಿನ್ನ ಬಸ್ಸಲ್ಲಿ ಮುಂದಿನ ಸೀಟಲ್ಲೇ ಕೂರ್ತಿದ್ನಲ್ಲ. ಅಲ್ಲೂ ಒಂದಿಷ್ಟು," ಎಂದಳು.

"ಜಲ್ಲಿ ಹತ್ರ ಸರಿಯಾಗಿ ಮಾಡ್ದೆ," ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು. ಅವಳಿಗೆ ಅದು ಗೊತ್ತಿತ್ತು, ಕನ್ನಡಿ ಸರಿ ಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದಳು.

ಬಸ್ಸು ಹೊರಟಿತು. ಆಚೆಯ ಇಳಿಜಾರಿನಲ್ಲಿ ಕನ್ನಡಿಯಲ್ಲಿ ಹಸಿರು ಚುಕ್ಕಿಯೊಂದು ತಕ್ಕಷ್ಟು ದೂರ ಬಿಟ್ಟು ಹಿಂಬಾಲಿಸುತ್ತಿತ್ತು. ರಸ್ತೆ ನೇರವಾದಾಗ ಅವನು ಮುಂದೆ ದೂರದವರೆಗೂ ನೋಡಿದ. ಯಾರೂ ಇರಲಿಲ್ಲ. ಕಿಟಕಿಯಿಂದ ಕೈ ಚಾಚಿ, ಮುಂದೆ ಹೋಗು ಎಂದು ಬೀಸಿದ. ಎಂಜಿನ್ನು ಒಮ್ಮೆ ಸ್ವರ ಏರಿಸಿತು. ಮಿಡತೆ ಬಸ್ಸನ್ನು ದಾಟಿತು.

ಎಷ್ಟು ಸ್ಪೀಡು ಸಾರ್ ನಿಮ್ಮ ಹುಡುಗಿ, ಮುಂದೆ ತಿರುವಿದೆ ಎಂದು ಕಂಡಕ್ಟರು ಆತಂಕಪಟ್ಟ.

"ಸುಮ್ನೆ ನೋಡು," ಎಂದ ಅವನು. "ಈಗ ಬ್ರೇಕು ಹಿಡೀತಾಳೆ. ವಾಲೋದಕ್ಕೆ ಮುಂಚೆ ಬಿಡ್ತಾಳೆ."

ಬೈಕಿನ ಹಿಂದಿನ ಕೆಂಪು ದೀಪ ಹೊತ್ತಿತು, ಆರಿತು. ಅವಳು ವಾಲಿದಳು.