ಬಸ್ಸಕ್ಕನ ಕಣ್ಣು, ಬ್ರೆಡ್ಡಣ್ಣನ ಲೈಟು

ಬೆಳಕು ಹರಿಯುವ ಮುಂಚೆ ಗಾಡಿ ಓಡಿಸುವವರನ್ನು ಕೇಳಿ ನೋಡಿ. ಮುಕ್ಕಾಲು ಜನ ಹೇಳುವುದು ಒಂದೇ ಮಾತು: "ನನ್ನ ಗಾಡಿ ಲೈಟು ಏನೇನೂ ಸಾಲದು ಕಣ್ರೀ." ನಮ್ಮ ಬ್ರೆಡ್ಡಣ್ಣನದೂ ಅದೇ ರಾಗ.

ಬ್ರೆಡ್ಡಣ್ಣ ಅಂದರೆ ಬೇಕರಿಯವನು. ಊರು ಮಲಗಿರುವಾಗಲೇ ಗಂಡ ಹೆಂಡತಿ ಎದ್ದು ಹಿಟ್ಟು ನಾದಿ, ಒಲೆಗೆ ಹಾಕಿ, ಬಿಸಿ ಬಿಸಿ ಬ್ರೆಡ್ಡು ತೆಗೆಯುತ್ತಾರೆ. ಹಿಂದಿನ ಸೀಟು ಕಿತ್ತ ಒಂದು ಹಳೇ ಕಾರಿದೆ. ಅದರಲ್ಲಿ ಕ್ರೇಟು ತುಂಬಿಕೊಂಡು ಅವನು ನಸುಕಿನಲ್ಲೇ ಹೊರಡಬೇಕು. ಅಂಗಡಿಯವರು ಬಾಗಿಲು ತೆಗೆಯುವ ಹೊತ್ತಿಗೆ ಬ್ರೆಡ್ಡು ಅಲ್ಲಿರಬೇಕು.

"ಲೈಟಾ ಇದು? ಮಿಣುಕುಹುಳ ಹಿಡಿದು ಕಟ್ಟಿದ್ರೂ ಇದಕ್ಕಿಂತ ಚೆನ್ನಾಗಿ ಕಾಣ್ಸುತ್ತೆ" ಅಂತ ದಿನಾ ಗೊಣಗುತ್ತಿದ್ದ.

ಒಂದು ಸಂಜೆ ಅವನು ಕಾರು ತಂದು ಬೇಕರಿ ಮುಂದೆ ನಿಲ್ಲಿಸಿದ. ಮುಖದಲ್ಲಿ ಮದುವೆ ಗಂಡಿನ ಕಳೆ. ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಳ್ಳುತ್ತಾ ಹೆಂಡತಿ ಹೊರಗೆ ಬಂದಳು.

"ನೋಡೇ ಇಲ್ಲಿ. ಹಳೇ ಬಲ್ಬು ತೆಗೆಸಿ ಹೊಸದು ಹಾಕಿಸ್ದೆ. ಪವರ್ ಅಂದ್ರೆ ಪವರ್. ಹಾಲು ಚೆಲ್ಲಿದ ಹಾಗೆ ಬೆಳ್ಳಗೆ."

"ಬಲ್ಬು ಕೂರೋ ಗೂಡೂ ಹೊಸದಾ?"

"ಗೂಡು ಯಾಕೆ? ಹಳೇ ಗೂಡಿಗೇ ಪಟಕ್ಕಂತ ಕೂತ್ಕೊಳ್ತು."

"ಕೂತ್ಕೊಂಡ ಮಾತ್ರಕ್ಕೆ ಸರಿಹೋಯ್ತಾ? ನನ್ನ ಚಪ್ಪಲಿಗೆ ನಿಮ್ಮ ಕಾಲೂ ಹೇಗೋ ಕೂರುತ್ತೆ. ನಡೆದು ತೋರಿಸಿ ನೋಡೋಣ."

"ನಿಂಗೆ ಹಿಟ್ಟು ಗೊತ್ತು, ಕಾರು ಗೊತ್ತಿಲ್ಲ" ಅಂದ ಬ್ರೆಡ್ಡಣ್ಣ. ಮಾತು ಅಲ್ಲಿಗೆ ಮುಗಿಯಿತು.

ಅವನಿಗೆ ಒಬ್ಬಳು ಅಕ್ಕ ಇದ್ದಾಳೆ. ಊರಿಗೆಲ್ಲ ಅವಳು ಬಸ್ಸಕ್ಕ. ಮಿಲ್ಲಿನ ಮೊದಲ ಪಾಳಿಯವರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್ ಅವಳು. ಮೊದಲು ಅದೇ ಬಸ್ಸಿನಲ್ಲಿ ವರ್ಷಗಟ್ಟಲೆ ಟಿಕೆಟು ಹರಿದಳು. ಆಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತಳು. "ಹೆಂಗಸಿನ ಕೈಗೆ ಬಸ್ಸಾ?" ಅಂದವರನ್ನೇ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಕ್ಷೇಮವಾಗಿ ಇಳಿಸಿದಳು. ಆ ಸ್ಟೇರಿಂಗ್ ಅಂದರೆ ಅವಳಿಗೆ ಪ್ರಾಣ.

ಅವಳ ಬಸ್ಸೂ ತಮ್ಮನ ಕಾರೂ ದಿನಾ ನಸುಕಿನಲ್ಲಿ ಹೊಳೆ ಪಕ್ಕದ ತಿರುವಿನಲ್ಲಿ ಎದುರಾಗುತ್ತವೆ. ಬಸ್ಸು ಕಂಡ ಕೂಡಲೇ ತಮ್ಮ ಲೈಟು ಮಿಂಚಿಸುತ್ತಿದ್ದ. ಅಕ್ಕ ಪೀಂ ಪೀಂ ಅಂತ ಹಾರ್ನ್ ಹೊಡೆಯುತ್ತಿದ್ದಳು. ‘ಚೆನ್ನಾಗಿದೀಯಾ?’ ‘ಚೆನ್ನಾಗಿದೀನಿ ಕಣೋ.’ ಅಷ್ಟೇ ಅದರ ಅರ್ಥ. ಕೆಲಸದ ಗಡಿಬಿಡಿಯಲ್ಲಿ ಅಕ್ಕ ತಮ್ಮಂದಿರಿಗೆ ಇನ್ನೇನು ಬೇಕು?

ಹೊಸ ಲೈಟು ಬಂದ ಮೇಲೆ ಬ್ರೆಡ್ಡಣ್ಣ ಇನ್ನೂ ಹುರುಪಿನಿಂದ ಮಿಂಚಿಸತೊಡಗಿದ. ಅತ್ತ ಕಡೆಯಿಂದ ಪೀಂ ಅನ್ನುವ ಸದ್ದೇ ಇಲ್ಲ. ಒಂದು ದಿನ ಇಲ್ಲ, ಎರಡು ದಿನ ಇಲ್ಲ, ವಾರ ಮೂರಾದರೂ ಇಲ್ಲ.

"ಅಕ್ಕನಿಗೆ ಜಂಬ ಬಂದಿದೆ" ಅಂದ ಹೆಂಡತಿ ಹತ್ತಿರ.

"ಹಾರ್ನ್ ಕೆಟ್ಟಿರಬಹುದು ರೀ."

"ಹಾರ್ನ್ ಅಲ್ಲ ಕೆಟ್ಟಿರೋದು, ತಲೆ."

ಆ ಭಾನುವಾರ ಮಧ್ಯಾಹ್ನ ಬಸ್ಸಕ್ಕ ತಾನಾಗಿಯೇ ಬೇಕರಿಗೆ ಬಂದಳು. ಬಂದವಳು ಹಿಟ್ಟಿನ ಮೂಟೆ ಮೇಲೆ ಕೂತಳು. ಬಿಸಿ ಬ್ರೆಡ್ಡು ಮುಂದಿಟ್ಟರೂ ಮುರಿಯಲಿಲ್ಲ.

"ನಾನು ಬಸ್ಸು ಬಿಡ್ತಿದೀನಿ ಕಣೋ" ಅಂದಳು. "ಟಿಕೆಟ್ ಕೌಂಟರಿನಲ್ಲಿ ಕೂರ್ತೀನಿ ಅಂತ ಮ್ಯಾನೇಜರ್ ಹತ್ರ ಹೇಳಿಬಿಟ್ಟೆ."

ತಮ್ಮನ ಮುನಿಸು ಅಲ್ಲೇ ಕರಗಿತು. "ಯಾಕಕ್ಕಾ? ಯಾರು ಏನಂದ್ರು?"

"ಯಾರೂ ಏನೂ ಅಂದಿಲ್ಲ. ನನ್ನ ಕಣ್ಣು ಹೋಗ್ತಿದೆ. ಆ ಹೊಳೆ ತಿರುವಿನಲ್ಲಿ ದಿನಾ ಒಂದು ಲಾರಿ ಬರುತ್ತೆ. ಅದರ ಲೈಟು ಬಿದ್ದರೆ ನಂಗೆ ರಸ್ತೆ ಯಾವುದು, ಹೊಳೆ ಯಾವುದು ಗೊತ್ತಾಗಲ್ಲ. ಬ್ರೇಕ್ ಮೇಲೆ ಕಾಲಿಟ್ಟು ದೇವರೇ ಗತಿ ಅಂತ ನಿಂತುಬಿಡ್ತೀನಿ. ಹಿಂದೆ ಬಸ್ಸು ತುಂಬ ಜನ ತೂಕಡಿಸ್ತಾ ಕೂತಿರ್ತಾರೆ, ನನ್ನ ನಂಬಿ. ಏನಾದ್ರೂ ಆದ್ಮೇಲೆ ಬಿಡೋದಕ್ಕಿಂತ ಈಗಲೇ ಬಿಡೋದು ವಾಸಿ."

"ಅಂಥ ಲಾರಿಯವನ ಲೈಸೆನ್ಸ್ ಕಿತ್ಕೋಬೇಕು" ಅಂದ ಬ್ರೆಡ್ಡಣ್ಣ, ಸಿಟ್ಟಿನಿಂದ.

"ಅವನನ್ನ ನಾನು ಬೈಯದ ದಿನ ಇಲ್ಲ. ಅದಿರಲಿ, ನೀನು ಯಾಕೆ ಆ ದಾರಿ ಬಿಟ್ಟೆ? ಈಚೆಗೆ ಸಿಗೋದೇ ಇಲ್ಲ."

ಬ್ರೆಡ್ಡಣ್ಣ ಹೆಂಡತಿಯ ಮುಖ ನೋಡಿದ. "ನಾನು ದಿನಾ ಅಲ್ಲೇ ಬರ್ತೀನಲ್ಲಕ್ಕಾ. ದಿನಾ ಮಿಂಚಿಸ್ತೀನಿ."

"ನಂಗೆ ಕಾಣಿಸಲೇ ಇಲ್ಲವಲ್ಲೋ."

ಅಕ್ಕ ತಮ್ಮ ಇಬ್ಬರಿಗೂ ಗಾಬರಿಯಾಯಿತು. ಒಡಹುಟ್ಟಿದವನ ಕಾರೇ ಕಾಣಿಸುವುದಿಲ್ಲ ಅಂದರೆ ಕಣ್ಣು ಪೂರ್ತಿ ಹೋದ ಹಾಗೇ ಅಂತ ಇಬ್ಬರೂ ತೀರ್ಮಾನಿಸಿದರು. ಬುದ್ಧಿ ಒಂದೇ ಮನೆಯದಲ್ಲವೇ.

ಮರುದಿನ ಸಂಜೆ ಮೂವರೂ ಅದೇ ಕಾರಿನಲ್ಲಿ, ಹೆಂಡತಿ ಹಿಂದೆ ಖಾಲಿ ಕ್ರೇಟಿನ ಮೇಲೆ ಕೂತು, ಕಣ್ಣಿನ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಬಸ್ಸಕ್ಕನ ಒಂದೊಂದೇ ಕಣ್ಣು ಮುಚ್ಚಿಸಿ ಅಕ್ಷರದ ಬೋರ್ಡು ಓದಿಸಿದರು. ಅಕ್ಕ ಕೊನೇ ಸಾಲು ಓದಿದಳು. ಅಲ್ಲಿಗೆ ನಿಲ್ಲದೆ ಬೋರ್ಡಿನ ಮೂಲೆಯಲ್ಲಿ ಅದನ್ನು ಅಚ್ಚು ಹಾಕಿದವರ ವಿಳಾಸವನ್ನೂ ಓದಿದಳು.

"ಸಾಕು ಸಾಕು, ಅದು ನನಗೇ ಕಾಣಲ್ಲ" ಅಂದರು ಡಾಕ್ಟರಮ್ಮ. ಆಮೇಲೆ ಯಂತ್ರದಲ್ಲಿ ಕಣ್ಣಿನ ಒಳಗೂ ನೋಡಿದರು. "ನಿಮ್ಮ ಕಣ್ಣಿಗೆ ಏನೂ ಆಗಿಲ್ಲಮ್ಮ."

"ಮತ್ತೆ ತಿರುವಿನಲ್ಲಿ ಏನೂ ಕಾಣಲ್ಲವಲ್ಲ ಡಾಕ್ಟ್ರೇ?"

"ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತೆ. ಆ ಹೊತ್ತಿಗೆ ತೀಕ್ಷ್ಣವಾದ ಬೆಳಕು ನೇರ ಹೊಡೆದರೆ ಯಾರ ಕಣ್ಣಾದ್ರೂ ಮಂಕಾಗುತ್ತೆ. ಗಾಡಿ ದಾಟಿ ಹೋದ್ಮೇಲೂ ಚೇತರಿಸಿಕೊಳ್ಳೋಕೆ ಕೆಲವು ಸೆಕೆಂಡು ಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು ಹೊತ್ತು. ನಿಮ್ಮ ಕಣ್ಣಿಗೆ ಔಷಧಿ ಬೇಡ. ಆ ಲಾರಿಯವನಿಗೆ ಬುದ್ಧಿ ಬೇಕು."

"ಸರಿಯಾಗಿ ಹೇಳಿದ್ರಿ" ಅಂದ ಬ್ರೆಡ್ಡಣ್ಣ.

ಹೊರಗೆ ಬಂದರೆ ಕತ್ತಲು ಕವಿಯುತ್ತಿತ್ತು. ಕಾರು ಆಸ್ಪತ್ರೆಯ ಬಿಳೀ ಗೋಡೆಗೆ ಮುಖ ಮಾಡಿ, ಅಂಗಳದ ಈಚೆ ಬದಿಯಲ್ಲಿ ನಿಂತಿತ್ತು. ಬ್ರೆಡ್ಡಣ್ಣ ಒಳಗೆ ಕೂತು ಲೈಟು ಹಾಕಿದ. ಡಿಮ್ ಲೈಟೇ. ಗೋಡೆ ಮಾತ್ರವಲ್ಲ, ಮೇಲಂತಸ್ತಿನ ಕಿಟಕಿವರೆಗೂ ಬೆಳಕು ಹತ್ತಿತು. ಯಾರೋ ನರ್ಸು ಕಿಟಕಿಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, ಪರದೆ ಎಳೆದುಬಿಟ್ಟರು.

ಬಸ್ಸಕ್ಕ ಬಾಗಿಲು ತೆರೆಯಲು ಹೋದವಳು ಹಾಗೇ ನಿಂತಳು.

"ಲೋ, ಆರಿಸು." ಆರಿಸಿದ. "ಹಾಕು." ಹಾಕಿದ. "ಯಾವಾಗಿಂದ ಇದು?"

"ಚೆನ್ನಾಗಿದೆ ಅಲ್ವಾ? ಮೂರು ವಾರ ಆಯ್ತು."

ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಹಾಳಾದವನೇ, ಆ ಲಾರಿ ನೀನಾ? ದಿನಾ ಬೆಳಗ್ಗೆ ನಿನ್ನ ವಂಶವನ್ನೆಲ್ಲ ಜಾಲಾಡ್ತಿದ್ನಲ್ಲೋ ನಾನು."

ಅವನ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಅತ್ತಿಗೆ, ಅವರ ವಂಶ ಅಂದ್ರೆ ನಿಮ್ಮದೂ ಅದೇ."

"ಅದಕ್ಕೇ ಹೊಟ್ಟೆ ಉರೀತಿರೋದು."

ಬ್ರೆಡ್ಡಣ್ಣ ಒಪ್ಪುವವನಲ್ಲ. "ಬರೀ ಬಲ್ಬು ಬದಲಾಯಿಸಿದ್ದಕ್ಕೆ ಇಷ್ಟಾ? ಜಾಸ್ತಿ ಬೆಳಕಿದ್ರೆ ಒಳ್ಳೇದೇ ತಾನೇ?"

"ಇಲ್ಲಿ ಕೇಳು. ನಮ್ಮ ಡಿಪೋ ಗೋಡೆ ಮೇಲೆ ಒಂದು ಗೆರೆ ಎಳೆದಿದ್ದಾರೆ. ಬಸ್ಸಿನ ಡಿಮ್ ಲೈಟು ಆ ಗೆರೆ ದಾಟಿ ಮೇಲೆ ಹೋದ್ರೆ ಬಸ್ಸು ಗೇಟು ದಾಟೋ ಹಾಗಿಲ್ಲ. ಗೂಡಿನೊಳಗೆ ಹೊಳೆಯೋ ಬಟ್ಟಲಿದೆಯಲ್ಲ, ಅದನ್ನ ನಿನ್ನ ಹಳೇ ಬಲ್ಬಿನ ಅಳತೆಗೆ ಮಾಡಿರ್ತಾರೆ. ಆ ಬಲ್ಬು ಎಲ್ಲಿ ಉರಿಯುತ್ತೋ ಅಲ್ಲಿಂದ ಬಂದ ಬೆಳಕನ್ನ ಹಿಡಿದು ರಸ್ತೆಗೆ ಹಾಕೋದು ಅದರ ಕೆಲಸ. ಹೊಸ ಬಲ್ಬು ಉರಿಯೋ ಜಾಗವೇ ಬೇರೆ, ಆಕಾರವೇ ಬೇರೆ. ಬಟ್ಟಲಿಗೆ ಅದನ್ನ ಹಿಡಿಯೋಕಾಗಲ್ಲ. ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತೆ."

"ನಂಗೇನೂ ಚೆಲ್ಲಿದ ಹಾಗೆ ಕಾಣಲ್ಲ."

ಈಗ ಹೆಂಡತಿ ಬಾಯಿ ಹಾಕಿದಳು. "ರೀ, ಒಂದು ಬ್ರೆಡ್ಡಿನ ಅಚ್ಚಿಗೆ ಎರಡು ಬ್ರೆಡ್ಡಿನ ಹಿಟ್ಟು ತುಂಬಿದ್ರೆ ಏನಾಗುತ್ತೆ? ದೊಡ್ಡ ಬ್ರೆಡ್ಡು ಬರುತ್ತಾ?"

"ಎಲ್ಲಿ ಬರುತ್ತೆ? ಉಕ್ಕಿ ಒಲೆ ತುಂಬ ಚೆಲ್ಲುತ್ತೆ. ಬ್ರೆಡ್ಡೂ ಹಾಳು, ಒಲೆಯೂ ಹಾಳು." ಹೇಳಿದ ಮೇಲೆ ತಾನೇ ಸಿಕ್ಕಿಬಿದ್ದೆ ಅಂತ ಅವನಿಗೆ ಹೊಳೆಯಿತು. ಆದರೂ ಸೋಲೊಪ್ಪಲು ಮನಸ್ಸಿಲ್ಲ. "ಸ್ವಲ್ಪ ಕಣ್ಣು ಚುಚ್ಚಬಹುದು. ಕುರುಡಾಗೋಷ್ಟೇನೂ ಇಲ್ಲ."

"ಹಾಗಾದ್ರೆ ಇಳಿ" ಅಂದಳು ಅಕ್ಕ. "ಆ ಗೋಡೆ ಹತ್ರ ಹೋಗಿ ಈ ಕಡೆ ತಿರುಗಿ ನಿಲ್ಲು. ನಿನ್ನ ಕಾರಿಗೆ ನೀನು ಯಾವತ್ತಾದ್ರೂ ಎದುರಾಗಿದೀಯಾ?"

ಅವನು ಹೋಗಿ ನಿಂತ. ಅಕ್ಕ ಸ್ಟೇರಿಂಗ್ ಹಿಂದೆ ಕೂತಳು. ಇಂಜಿನ್ ಹಚ್ಚಲಿಲ್ಲ, ಲೈಟು ಮಾತ್ರ ಹಾಕಿದಳು. ಅವನ ಹೆಂಡತಿ ಕಾರಿನ ಮಗ್ಗುಲಲ್ಲಿ, ಲೈಟಿನಿಂದ ಒಂದು ಮಾರು ಆಚೆಗೆ ನಿಂತುಕೊಂಡಳು.

"ಏನು ಕಾಣ್ತಿದೆ?" ಅಂತ ಕೂಗಿದಳು ಅಕ್ಕ.

"ಬೆಳ್ಳಗೆ ಕಾಣ್ತಿದೆ."

"ನಿನ್ನ ಹೆಂಡತಿ ಎಲ್ಲಿದ್ದಾಳೆ?"

"ಕಾರೊಳಗೆ ಕೂತಿರಬೇಕು."

ಹೆಂಡತಿ ಎರಡೂ ಕೈ ಬೀಸಿದಳು. ಸೆರಗು ತಲೆ ಮೇಲೆ ಹಾಕಿಕೊಂಡು ತಿರುಗಿದಳು. ಗಂಡ ಹಿಟ್ಟು ನಾದುವಾಗ ಮೂತಿ ಮಾಡುತ್ತಾನಲ್ಲ, ಹಾಗೇ ಮೂತಿ ಮಾಡಿ ತೋರಿಸಿದಳು. ಕೊನೆಗೆ ನಾಲಿಗೆಯನ್ನೂ ಚಾಚಿದಳು. ಆಸ್ಪತ್ರೆಯ ಕಾವಲುಗಾರ, ಸರದಿಯಲ್ಲಿದ್ದ ರೋಗಿಗಳು ಎಲ್ಲ ಬಿದ್ದು ಬಿದ್ದು ನಕ್ಕರು. ಬ್ರೆಡ್ಡಣ್ಣ ಮಾತ್ರ ಕಣ್ಣು ಕಿರಿದು ಮಾಡಿಕೊಂಡು, "ಯಾಕೆ ನಗ್ತಿದಾರೆ?" ಅಂತ ಕೇಳುತ್ತಾ ನಿಂತಿದ್ದ.

ಅಕ್ಕ ಲೈಟು ಆರಿಸಿದಳು. ಅವನು ಕಣ್ಣು ಉಜ್ಜಿಕೊಂಡು, ಆಮೇಲೂ ಸ್ವಲ್ಪ ಹೊತ್ತು ತಡವರಿಸಿ, ಕೊನೆಗೆ ಕಾರಿನ ಪಕ್ಕ ನಿಂತ ಹೆಂಡತಿಯನ್ನು ಕಂಡ.

"ನೀನು ಅಲ್ಲೇ ಇದ್ದೆಯಾ?"

"ಇಷ್ಟು ಹೊತ್ತೂ ನಿಮ್ಮನ್ನ ಅಣಕಿಸ್ತಾ ಇದ್ದೆ. ಇಷ್ಟು ವರ್ಷದ ಆಸೆ, ಇವತ್ತು ತೀರ್ತು."

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಅಕ್ಕನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಆ ತಿರುವಿನಲ್ಲಿ ಬಸ್ಸು ತುಂಬಿರುತ್ತಾ ಅಕ್ಕಾ?"

"ತುಂಬಿರುತ್ತೆ."

"ನಿಂಗೆ ಕಾಣ್ಲಿ ಅಂತ ಪ್ರೀತಿಯಿಂದ ಮಿಂಚಿಸ್ತಿದ್ದೆ."

"ಗೊತ್ತು ಕಣೋ" ಅಂದಳು ಬಸ್ಸಕ್ಕ, ಅವನ ತಲೆಗೊಂದು ಮೊಟಕಿ. "ನಡಿ, ನಾಳೆ ಡಿಪೋಗೆ ಬಾ. ನಿನ್ನ ಮಿಣುಕುಹುಳಕ್ಕೆ ಏನಾಗಿತ್ತು ಅಂತ ನೋಡೋಣ."

ನೋಡಿದರೆ, ಹಳೇ ಬಲ್ಬಿನದು ಏನೂ ತಪ್ಪಿರಲಿಲ್ಲ. ಲೈಟಿನ ಮೇಲಿನ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಗಟ್ಟಿ ಮಬ್ಬಾಗಿತ್ತು. ದಿನಾ ಬಿಸಿ ಬ್ರೆಡ್ಡಿನ ಆವಿ, ಹಿಟ್ಟಿನ ಧೂಳು ಸೇರಿ ಮುಂದಿನ ಗಾಜಿನ ಒಳಮೈಗೆ ಜಿಡ್ಡು ಹಿಡಿದಿತ್ತು. ಸಾಲದ್ದಕ್ಕೆ ಹಿಂದೆ ಕ್ರೇಟು ತುಂಬಿದಾಗ ಕಾರು ಹಿಂದಕ್ಕೆ ಕೂತು ಮೂತಿ ಮೇಲೇಳುತ್ತಿತ್ತು. ಲೈಟು ರಸ್ತೆ ಬಿಟ್ಟು ಮರದ ಕೊಂಬೆ ನೋಡುತ್ತಿತ್ತು. ಪ್ಲಾಸ್ಟಿಕ್ ಉಜ್ಜಿ ಹೊಳಪು ಬರಿಸಿದರು. ಗಾಜು ಒರೆಸಿದರು. ಕಾರು ಮಾಡಿದವರು ಹೇಳಿದ ಜಾತಿಯ ಬಲ್ಬನ್ನೇ ತಿರುಗಿ ಹಾಕಿದರು. ಕ್ರೇಟು ತುಂಬಿಸಿಯೇ ಗೋಡೆಯ ಗೆರೆ ಮುಂದೆ ನಿಲ್ಲಿಸಿ ಲೈಟನ್ನು ತಗ್ಗಿಸಿ ಕೂರಿಸಿದರು.

ಮರುದಿನ ನಸುಕಿನಲ್ಲಿ ರಸ್ತೆ ಅಂಚಿನ ಕಲ್ಲು, ದೂರದಲ್ಲಿ ಸೈಕಲ್ ತುಳಿಯುತ್ತಿದ್ದ ಹಾಲಿನವನ ಬೆನ್ನು, ಎಲ್ಲ ಬ್ರೆಡ್ಡಣ್ಣನಿಗೆ ಕಂಡಿತು. ಆ ಬೆಳ್ಳನೆ ಬಲ್ಬಿನಲ್ಲಿ ಕಾರಿನ ಮೂತಿ ಮುಂದಿನ ನೆಲ ಮಾತ್ರ ಧಗಧಗ ಅನ್ನುತ್ತಿತ್ತು. ಹತ್ತಿರದ ಆ ಹೊಳಪಿಗೆ ಕಣ್ಣು ಒಗ್ಗಿ, ದೂರದ್ದು ಇನ್ನಷ್ಟು ಕತ್ತಲಾಗಿತ್ತು ಅಂತ ಅವನಿಗೆ ಆಗ ಹೊಳೆಯಿತು. ತಿರುವಿನಲ್ಲಿ ಅಕ್ಕನ ಬಸ್ಸು ಎದುರಾಯಿತು. ಅವನು ಈ ಸಲ ಮಿಂಚಿಸಲಿಲ್ಲ, ಕಿಟಕಿಯಿಂದ ಕೈ ಆಡಿಸಿದ. ಪೀಂ ಪೀಂ ಅಂತ ಅಷ್ಟುದ್ದ ಹಾರ್ನ್ ಬಂತು. ಬಸ್ಸಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಬೈದರಂತೆ.

ಪಾಳಿ ಮುಗಿಸಿ ಬಸ್ಸಕ್ಕ ಸೀದಾ ಮ್ಯಾನೇಜರ್ ಕೋಣೆಗೆ ಹೋದಳು.

"ಸಾರ್, ನನಗೆ ಕೌಂಟರ್ ಬೇಡ. ಬಸ್ಸೇ ಓಡಿಸ್ತೀನಿ."

"ಅಲ್ಲಮ್ಮಾ, ನೀವು ಬರ್ತೀರ ಅಂತ ಕೌಂಟರಿನ ಕುರ್ಚಿಗೆ ಹೊಸ ದಿಂಬು ತರಿಸಿದ್ದೆ."

"ದಿಂಬು ಕೊಡಿ ಸಾರ್, ತಗೊಂಡು ಹೋಗ್ತೀನಿ. ಡ್ರೈವರ್ ಸೀಟು ಬಹಳ ಗಟ್ಟಿ."

ಈಗ ಅವಳು ಆ ದಿಂಬಿನ ಮೇಲೆ ಕೂತೇ ಬಸ್ಸು ಓಡಿಸುತ್ತಾಳೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯ ಲೈಟು ಸಾಲದು ಅನ್ನಿಸಿದರೆ ಮೊದಲು ಒಂದು ಬಟ್ಟೆ ತಗೊಳ್ಳಿ. ಲೈಟಿನ ಮೈ ಒರೆಸಿ, ಮುಂದಿನ ಗಾಜನ್ನು ಒಳಗೂ ಹೊರಗೂ ಒರೆಸಿ. ಮಬ್ಬಾಗಿದ್ದರೆ ಉಜ್ಜಿಸಿ, ಓರೆಯಾಗಿದ್ದರೆ ಸರಿಯಾಗಿ ಕೂರಿಸಿ. ಬಲ್ಬು ಹೋಗಿದ್ದರೆ ಗಾಡಿಯ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿಸಿ. ಇನ್ನೂ ಹೆಚ್ಚು ಬೆಳಕು ಬೇಕೇ ಬೇಕು ಅಂದರೆ, ನಿಮ್ಮ ಗಾಡಿಗೆಂದೇ ಮಾಡಿದ, ಒಪ್ಪಿಗೆ ಪಡೆದ ಪೂರ್ತಿ ಲೈಟನ್ನೇ ಹಾಕಿಸಿ. ಹಳೇ ಗೂಡಿಗೆ ಅದಕ್ಕೆ ಹೊಂದದ ಹೆಚ್ಚು ಪವರಿನ ಬಲ್ಬು ಮಾತ್ರ ಬೇಡ. ಎಷ್ಟೋ ಕಡೆ ಕಾನೂನೂ ಅದನ್ನು ಒಪ್ಪುವುದಿಲ್ಲ.

ಆಗಲೇ ಹಾಕಿಸಿದ್ದೀರಾ? ನಾಚಿಕೆ ಬೇಡ, ಇವತ್ತು ಸಂಜೆಯೇ ಗಾಡಿಯನ್ನು ಒಂದು ಗೋಡೆ ಮುಂದೆ ನಿಲ್ಲಿಸಿ, ಡಿಮ್ ಲೈಟು ಹಾಕಿ. ಸ್ಟೇರಿಂಗ್ ಹಿಂದೆ ಕೂತು ತೀರ್ಮಾನ ಮಾಡಬೇಡಿ. ಇಳಿದು ಮುಂದೆ ಬನ್ನಿ, ಮನೆಯವರನ್ನು ಗಾಡಿ ಪಕ್ಕ ನಿಲ್ಲಿಸಿ, ಅವರ ಮುಖ ನಿಮಗೆ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಆ ಬಲ್ಬು ನಾಳೆಯೇ ಹೊರಗೆ ಬರಲಿ. ರಸ್ತೆಯಲ್ಲಿ ನಿಮಗೆ ಎದುರಾಗುವವರು ಮನೆಗೆ ಹೋಗಿ ಊಟ ಮಾಡಬೇಕು.